ಗಾಳಿಯಕ್ಕನ ಮೂರನೆಯ ಕವರು

ದನ ಕಾಯುವವರನ್ನು ನೋಡಿದ್ದೀರಿ, ಗೇಟು ಕಾಯುವವರನ್ನು ನೋಡಿದ್ದೀರಿ. ಗಾಳಿ ಕಾಯುವವರನ್ನು ನೋಡಿದ್ದೀರಾ? ಕಡಲ ದಂಡೆಯ ಆ ಊರಿನಲ್ಲಿ ಒಬ್ಬಳಿದ್ದಳು. ಹೆತ್ತವರು ಇಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವಳು ಗಾಳಿಯಕ್ಕ.

ಅವಳ ಕಚೇರಿ ದಂಡೆಯ ತುದಿಯಲ್ಲಿರುವ ಮೂರಂತಸ್ತಿನ ಹಳೆಯ ಕಟ್ಟಡ. ಮೆಟ್ಟಿಲು ಅರವತ್ತೆರಡು. ಉಪ್ಪು ತಿಂದು ತಿಂದು ಕಂಬಿಗಳೆಲ್ಲ ತುಕ್ಕು ಹಿಡಿದಿದ್ದವು. ತಾರಸಿಯ ನಡುವೆ ಒಂದು ಯಂತ್ರ, ಅದಕ್ಕೆ ಆಕಾಶ ನೋಡುವ ಎರಡು ಬಾಯಿ, ಪಕ್ಕದ ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಒಂದು ಬಾಣ. ಗಾಳಿ ನೆಲದ ಕಡೆಯಿಂದ ಬೀಸಿದರೆ ಒಂದು ಬಾಯಿ ತೆರೆಯುತ್ತಿತ್ತು. ಕಡಲ ಕಡೆಯಿಂದ ಬೀಸಿದರೆ 'ಟಕ್' ಎಂದು ಅದು ಮುಚ್ಚಿ ಇನ್ನೊಂದು ತೆರೆಯುತ್ತಿತ್ತು. ಎರಡೂ ಬಾಯಿಯೊಳಗೆ ಅಂಗೈಯಗಲದ ಒಂದೊಂದು ಬಿಳಿ ಕಾಗದ. ಕೆಳಗಿನ ಪಂಪು ಗುರ್ ಎಂದು ಗಾಳಿಯನ್ನು ಎಳೆದುಕೊಂಡರೆ, ಗಾಳಿ ಕಾಗದದ ಮೂಲಕ ಹಾದುಹೋಗುತ್ತಿತ್ತು. ಅದು ಹೊತ್ತು ತಂದದ್ದೆಲ್ಲ ಕಾಗದದ ಮೇಲೆ ಕೂರುತ್ತಿತ್ತು.

ರಾತ್ರಿಯಿಡೀ ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಹಗಲು ಕಡಲಿಂದ ನೆಲಕ್ಕೆ ಬರುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ನೆಲದ ಕಾಗದ ತೆಗೆಯಬೇಕು, ಸಂಜೆ ಐದಕ್ಕೆ ಕಡಲ ಕಾಗದ. ಕೈ ತಾಗಬಾರದು, ಉಸಿರೂ ತಾಗಬಾರದು. ಚಿಮುಟದಲ್ಲಿ ಹಿಡಿದು ಕವರಿಗೆ ಹಾಕಿ, ಮೇಲೆ ತಾರೀಖು ಬರೆದು, ಬೀರುವಿನಲ್ಲಿಡಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಈ ಕೆಲಸ ಕಲಿಸಿಕೊಟ್ಟ ಹಳೆಯ ಸಾಹೇಬರು, "ಸುಮ್ಮನೆ ಉದ್ದುದ್ದ ಬರೀಬೇಡಮ್ಮ. ಕಡಲಿಗೆ ಹೋದ ಗಾಳಿಗೆ 'ಹೋಯ್ತು' ಅಂತ ಬರಿ, ಕಡಲಿಂದ ಬಂದ ಗಾಳಿಗೆ 'ಬಂತು' ಅಂತ ಬರಿ. ಮುಗೀತು" ಎಂದಿದ್ದರು. ಅಂದಿನಿಂದ ಗಾಳಿಯಕ್ಕ ಹಾಗೆಯೇ ಬರೆಯುತ್ತ ಬಂದಿದ್ದಳು.

'ಹೋಯ್ತು' ಕಾಗದ ಬಾಣಲೆಯ ತಳ ಒರೆಸಿದ ಬಟ್ಟೆಯ ಹಾಗೆ ಕಪ್ಪಗಿರುತ್ತಿತ್ತು. ಊರಿನ ಚಿಮಣಿಗಳು, ಲಾರಿಗಳು, ಸುಟ್ಟ ಕಸ ಎಲ್ಲ ಅದರಲ್ಲಿ. 'ಬಂತು' ಕಾಗದ ಬೆಳ್ಳಗೆ, ಆದರೆ ಪೂರ್ತಿ ಬೆಳ್ಳಗಲ್ಲ, ಹಲವು ಸಲ ಒಗೆದ ಪಂಚೆಯ ಹಾಗೆ ಒಂದು ಮಬ್ಬು. "ಅದು ಉಪ್ಪಿನ ಮಬ್ಬು" ಎಂದಿದ್ದರು ಹಳೆಯ ಸಾಹೇಬರು. ಅದೂ ಹಾಗೆಯೇ ನಡೆದುಕೊಂಡು ಬಂದಿತ್ತು.

ದಿನಕ್ಕೆ ಎರಡು ಸಲ ಹತ್ತುವುದು ಸರ್ಕಾರದ ಕೆಲಸ. ಒಂದು ವರ್ಷದಿಂದ ಗಾಳಿಯಕ್ಕ ಮೂರನೆಯ ಸಲವೂ ಹತ್ತುತ್ತಿದ್ದಳು. ಅದು ಮಾತ್ರ ಅವಳ ಸ್ವಂತದ್ದು.

ಅವಳ ಗಂಡ ಬಣ್ಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡವನು. ಕಲ್ಲಿದ್ದಲು ತುಂಬಿಸಿ, ಬೂದಿ ಎಳೆದು, ಕೊನೆಗೆ ಪುಪ್ಪುಸ ಸೋತು ಮನೆ ಸೇರಿದ್ದ. ಮನೆ ಎಂದರೆ ಎರಡು ಕೋಣೆ, ಮೂರನೆಯ ಮಹಡಿ. ಬಾಗಿಲು ರಸ್ತೆಯ ಕಡೆ, ಒಂದೇ ಒಂದು ಕಿಟಕಿ ಕಡಲ ಕಡೆ. ಡಾಕ್ಟರು ಹೇಳಿದ್ದರು: "ರಸ್ತೆ ಧೂಳು ಬೇಡ. ಕಡಲ ಗಾಳಿ ಬಂದಾಗ ಕಿಟಕಿ ತೆಗೀರಿ." ಆದರೆ ಕಡಲ ಗಾಳಿ ಯಾವಾಗ ಬಂತು ಎಂದು ಹಾಸಿಗೆಯಲ್ಲಿ ಕುಳಿತವನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಗಾಳಿಯಕ್ಕ ಹನ್ನೊಂದು ಗಂಟೆಯ ಸುಮಾರಿಗೆ ಮತ್ತೆ ಅರವತ್ತೆರಡು ಮೆಟ್ಟಿಲು ಹತ್ತಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾಣ ನೋಡುತ್ತ ನಿಲ್ಲುತ್ತಿದ್ದಳು. ಬಾಣ ನಡುಗಿ, ತಿರುಗಿ, 'ಟಕ್' ಎಂದೊಡನೆ ಫೋನು.

"ಬಂತು ರೀ."

"ಬರಲಿ."

ಅಷ್ಟೇ. ಅವನು ಎದ್ದು ಚಿಲಕ ತೆಗೆಯುತ್ತಿದ್ದ. ಹಗಲು ಅವನಿಗೆ ಜೊತೆಯಾಗಿ ಬಂದು ಕೂರುತ್ತಿದ್ದ ಪಕ್ಕದ ಮನೆಯ ಅಜ್ಜಿ ಇದನ್ನು ಕೇಳಿ ಕೇಳಿ ಮೂಗು ಮುರಿಯುತ್ತಿದ್ದಳು. "ಎರಡು ಮಾತಿಗೊಂದು ಫೋನಾ? ನಮ್ಮ ಕಾಲದಲ್ಲಿ ಹೊಸದಾಗಿ ಮದುವೆಯಾದೋರೂ ಇಷ್ಟು ಆಡ್ತಿರಲಿಲ್ಲಪ್ಪ!"

"ನಿಮ್ಮ ಕಾಲದಲ್ಲಿ ಫೋನೇ ಇರಲಿಲ್ಲ ಅಜ್ಜಿ."

"ಇದ್ದಿದ್ರೂ ನಮ್ಮ ಯಜಮಾನರು ಮಾಡ್ತಿರಲಿಲ್ಲ ಬಿಡು. ಮೂಗ ಮನುಷ್ಯ."

ಎಲ್ಲ ಸರಿ. ಆದರೆ ಕೆಮ್ಮು ಇಳಿಯಲಿಲ್ಲ. ವರ್ಷವಾದರೂ ಇಳಿಯಲಿಲ್ಲ, ಏರಿತು. ಕಳೆದ ಸಲ ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಕೊಳವೆಯನ್ನು ಕೊರಳಿಗೆ ಹಾಕಿಕೊಂಡು, "ಇನ್ನೊಂದು ತಿಂಗಳು ನೋಡೋಣ. ಹೀಗೇ ಇದ್ರೆ ಈ ಊರಿನ ಗಾಳಿ ಇವರಿಗೆ ಬೇಡ. ಎತ್ತರದ ಜಾಗದಲ್ಲಿ ಯಾರಾದ್ರೂ ನೆಂಟರಿದ್ದಾರಾ?" ಎಂದರು.

ಇದ್ದಳು. ಅವನ ತಂಗಿ ಬೆಟ್ಟದ ಮೇಲಿನ ಊರಲ್ಲಿದ್ದಳು, ಒಂದು ಹಗಲಿನ ದಾರಿ. ಆದರೆ ಗಾಳಿಯಕ್ಕನಿಗೆ ಇನ್ನೂ ಮೂರು ವರ್ಷ ಕೆಲಸವಿತ್ತು. ಹೋಗುವುದಾದರೆ ಅವನೊಬ್ಬನೇ ಹೋಗಬೇಕು, ಅಲ್ಲೇ ಇರಬೇಕು. ಮದುವೆಯಾದ ಮೇಲೆ ಇಬ್ಬರೂ ಎರಡು ರಾತ್ರಿಗಿಂತ ಹೆಚ್ಚು ಬೇರೆ ಇದ್ದವರಲ್ಲ. ಮನೆಗೆ ಮರಳುವ ಬಸ್ಸಿನಿಂದ ಇಳಿಯುವ ಹೊತ್ತಿಗೆ ಅವನೇ ಹೇಳಿದ:

"ನನ್ನ ತಂಗಿ ಮನೇಲಿ ಗಡಿಯಾರ ಯಾವಾಗ್ಲೂ ಹತ್ತು ನಿಮಿಷ ಮುಂದೆ ಕಣೇ. ಊಟಕ್ಕೂ ಓಡ್ಕೊಂಡು ಹೋಗಬೇಕು. ನನಗೆ ಓಡೋಕಾಗಲ್ಲ."

ಅವಳು ನಗಲು ಹೋದಳು, ನಗು ಬರಲಿಲ್ಲ.

ಒಂದು ವಿಚಿತ್ರವಿತ್ತು. ಭಾನುವಾರ ಮಾತ್ರ ಕೆಮ್ಮು ಕಡಿಮೆ. ಭಾನುವಾರ ಗಾಳಿಯಕ್ಕನಿಗೆ ರಜೆ, ಯಂತ್ರ ತನ್ನ ಪಾಡಿಗೆ ತಾನು ಓಡಿಕೊಂಡಿರುತ್ತಿತ್ತು. ಅಂದು ಫೋನಿಲ್ಲ. ಕಿಟಕಿ ತೆಗೆದರೆ ಒಲೆಯ ಉರಿ ಆರುತ್ತದೆಂದು ಅವಳು ನಿಧಾನವಾಗಿ ಅಡುಗೆ ಮುಗಿಸಿ, ಒಂದು ಗಂಟೆಗೆ ಕಿಟಕಿ ತೆಗೆದು, ಇಬ್ಬರೂ ಗಾಳಿಗೆ ಮುಖ ಕೊಟ್ಟು ಊಟಕ್ಕೆ ಕೂರುತ್ತಿದ್ದರು.

"ನೀನು ಮನೇಲಿರ್ತೀಯಲ್ಲ, ಅದಕ್ಕೇ ಕೆಮ್ಮು ಹೆದರುತ್ತೆ" ಎನ್ನುತ್ತಿದ್ದ ಅವನು.

"ಸಾಕು ಸುಮ್ನಿರಿ" ಎನ್ನುತ್ತಿದ್ದಳು ಅವಳು. ಆದರೆ ಆ ಮಾತನ್ನು ಸೋಮವಾರ ಅರವತ್ತೆರಡು ಮೆಟ್ಟಿಲೂ ಜೊತೆಗೆ ಹೊತ್ತುಕೊಂಡು ಹತ್ತುತ್ತಿದ್ದಳು.

ಆ ತಿಂಗಳಲ್ಲೇ ಹಳೆಯ ಸಾಹೇಬರು ನಿವೃತ್ತರಾಗಿ ಹೊಸ ಮೇಡಮ್ ಬಂದರು. ಇನ್ನೂ ಚಿಕ್ಕ ವಯಸ್ಸು, ಚುರುಕು, ಕೂತಲ್ಲಿ ಕೂರುವವರಲ್ಲ. ಬಂದ ಮೂರನೆಯ ದಿನ ಬೀರು ತೆಗೆದು ಕವರುಗಳನ್ನು ಎರಡು ಗುಡ್ಡೆ ಮಾಡಿದರು. ಒಂದು ಗುಡ್ಡೆಯನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ 'ಕಸಕ್ಕೆ' ಎಂದು ಬರೆದು ಬಾಗಿಲ ಹತ್ತಿರ ಇಟ್ಟರು. ಆಮೇಲೆ ಗಾಳಿಯಕ್ಕನನ್ನು ಕರೆದರು.

"ಅಕ್ಕ, ಕೋಪ ಮಾಡ್ಕೋಬೇಡಿ. ಅರ್ಧಕ್ಕರ್ಧ ಪೇಪರ್ ಹಾಳು ಮಾಡಿದೀರಲ್ಲ?"

"ಹಾಳಾ? ಯಾವುದು ಹಾಳು?"

"ನೀವೇ ಬರೆದಿದೀರಿ. ಹೋಯ್ತು, ಹೋಯ್ತು, ಹೋಯ್ತು. ದಿನಾ ಒಂದು ಹೋಗಿದೆ!"

ಗಾಳಿಯಕ್ಕನಿಗೆ ಒಂದು ಕ್ಷಣ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಸೆರಗು ಬಾಯಿಗೊತ್ತಿಕೊಂಡಳು. "ಅಯ್ಯೋ ಮೇಡಮ್, ಬಲ್ಬು ಹೋಯ್ತು, ಕರೆಂಟು ಹೋಯ್ತು ಅಂತೀವಲ್ಲ, ಆ ಹೋಯ್ತು ಅಲ್ಲ ಇದು. ಗಾಳಿ ಹೋಯ್ತು. ಕಡಲಿಗೆ ಹೋಯ್ತು!"

ಮೇಡಮ್ ಬಾಯಿ ತೆರೆದುಕೊಂಡೇ ನಿಂತರು. "ಹಾಗಾದ್ರೆ ಬಂತು ಅಂದ್ರೆ... ಪೇಪರ್ ಚೆನ್ನಾಗಿ ಬಂತು ಅಂತಲ್ವಾ?"

"ಕಡಲಿಂದ ಬಂತು."

ಇಬ್ಬರೂ ನಗುತ್ತ ನಗುತ್ತ ಬಾಗಿಲಿಗೆ ಓಡಿದರು. ಗುಡಿಸುವವಳು ಪೆಟ್ಟಿಗೆಯನ್ನು ಆಗಲೇ ಮೆಟ್ಟಿಲವರೆಗೆ ಎಳೆದುಕೊಂಡು ಹೋಗಿದ್ದಳು. ಸದ್ಯ, ಸಿಕ್ಕಿತು.

ಆ ನಗು ಹತ್ತು ದಿನವೂ ಉಳಿಯಲಿಲ್ಲ. ಮೇಡಮ್ ಕಾಗದಗಳನ್ನೆಲ್ಲ ತೂಗಿದರು, ಬೆಳಕಿಗೆ ಹಿಡಿದು ನೋಡಿದರು, ತುಂಡು ಕತ್ತರಿಸಿ ದೊಡ್ಡ ಊರಿನ ಪ್ರಯೋಗಾಲಯಕ್ಕೂ ಕಳಿಸಿದರು. ಉತ್ತರ ಬಂದ ದಿನ ಅವರ ಮುಖ ಗಂಭೀರವಾಗಿತ್ತು.

"ಅಕ್ಕ, ಈ ಬಂತು ಪೇಪರಲ್ಲಿರೋ ಮಬ್ಬು ಉಪ್ಪಲ್ಲ. ಮಸಿ. ಊರಿನ ಹೊಗೆ. ಕಡಲಲ್ಲಿ ಚಿಮಣಿ ಇಲ್ಲವಲ್ಲ?" ಸ್ವಲ್ಪ ತಡೆದು, "ಅವಸರದಲ್ಲಿ ಪೇಪರ್ ಅದಲು ಬದಲು ಆಗಿರಬಹುದಾ?" ಎಂದರು.

ಗಾಳಿಯಕ್ಕನ ಮುಖ ಸಣ್ಣದಾಯಿತು. ಜೋರು ಮಾಡುವವಳಲ್ಲ ಅವಳು. ಚಿಮುಟವನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟಳು.

"ಮೇಡಮ್, ಅಡುಗೆಗೆ ಉಪ್ಪು ಹಾಕೋದು ಮರೆತಿದೀನಿ. ಒಂದ್ಸಲ ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕ್ಕೊಂಡು ಬಂದಿದೀನಿ. ಕವರು ಮಾತ್ರ ಬದಲು ಮಾಡಿಲ್ಲ. ನಾಳೆ ನೀವೇ ಮೇಲೆ ಬನ್ನಿ. ನೀವೇ ಪೇಪರ್ ಇಡಿ, ನೀವೇ ತೆಗೀರಿ, ನಾನು ಕೈ ಕಟ್ಕೊಂಡು ಕೂತಿರ್ತೀನಿ. ಆದ್ರೆ ದಿನಕ್ಕೊಂದು ಪೇಪರ್ ಬೇಡ, ಗಂಟೆಗೊಂದು ಹಾಕಿ. ಹಗಲೆಲ್ಲ ಒಂದೇ ಪೇಪರ್ ಇಟ್ರೆ ಮಸಿ ಯಾವ ಹೊತ್ತಲ್ಲಿ ಬಂದು ಕೂತಿದ್ದು ಅಂತ ಹೇಗೆ ಗೊತ್ತಾಗಬೇಕು?"

ಮೇಡಮ್ ಅವಳನ್ನೇ ನೋಡಿದರು. "ಇದು ನನಗೆ ಹೊಳೀಬೇಕಿತ್ತು" ಎಂದರು ಮೆಲ್ಲಗೆ.

ಮರುದಿನ ಇಬ್ಬರೂ ತಾರಸಿಯಲ್ಲಿ. ಯಂತ್ರದ ನೆರಳಲ್ಲಿ ಎರಡು ಸ್ಟೂಲು, ನಡುವೆ ಚಹದ ಫ್ಲಾಸ್ಕು. ಕಡಲು ಕನ್ನಡಿಯ ಹಾಗೆ ಸುಮ್ಮನಿತ್ತು. ದೂರದಲ್ಲಿ, ನೀರು ಮತ್ತು ಆಕಾಶ ಸೇರುವಲ್ಲಿ, ಒಂದು ಕಂದು ಗೆರೆ. ಗಾಳಿಯಕ್ಕ ಆ ಗೆರೆಯನ್ನು ವರ್ಷಗಟ್ಟಲೆ ನೋಡಿದ್ದಳು. ಬಿಸಿಲಿನ ಮಂಜು ಎಂದುಕೊಂಡಿದ್ದಳು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಬಾಣ ನಡುಗಿತು. ಅತ್ತ ಇತ್ತ ಅನುಮಾನಿಸಿತು. ತಿರುಗಿತು. 'ಟಕ್.' ಗಾಳಿಯಕ್ಕನ ಕೈ ತಾನಾಗಿ ಫೋನಿಗೆ ಹೋಯಿತು.

"ಬಂತು ರೀ."

"ಬರಲಿ."

"ಯಾರಿಗೆ ಅಕ್ಕ?" ಎಂದರು ಮೇಡಮ್. ಗಾಳಿಯಕ್ಕ ನಾಚಿಕೊಂಡು ಎಲ್ಲವನ್ನೂ ಹೇಳಿದಳು: ಕಿಟಕಿ, ಕೆಮ್ಮು, ಡಾಕ್ಟರು ಕೊಟ್ಟ ಒಂದು ತಿಂಗಳು, ಬೆಟ್ಟದ ಮೇಲಿನ ನಾದಿನಿ. "ಇನ್ನು ಎಂಟು ದಿನ ಇದೆ" ಎಂದಳು. ಮೇಡಮ್ ಅವಳ ಲೋಟಕ್ಕೆ ಇನ್ನಷ್ಟು ಚಹ ಬಗ್ಗಿಸಿದರು.

ಗಂಟೆಯಾಯಿತು. ಮೇಡಮ್ ತಾವೇ ಚಿಮುಟ ಹಿಡಿದು ಮೊದಲ ಕಾಗದ ತೆಗೆದರು. ಅದರ ನಡುವೆ ದುಂಡಗೆ, ಬೂದಿ ಒರೆಸಿದ ಹಾಗೆ, ಕಪ್ಪು. ಎರಡನೆಯ ಗಂಟೆಯ ಕಾಗದದಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. ಮೂರನೆಯದು ಹಾಲಿನಂತೆ ಬೆಳ್ಳಗೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ಉಪ್ಪಿನ ಹರಳು ಮಿನುಗಿದವು.

ಮೇಡಮ್ ಮೂರನ್ನೂ ಸಾಲಾಗಿಟ್ಟು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. "ಅಕ್ಕ! ತಪ್ಪು ನಿಮ್ಮದಲ್ಲ! ಕಡಲದ್ದೂ ಅಲ್ಲ! ರಾತ್ರಿ ನೆಲ ತಣ್ಣಗಾಗುತ್ತೆ, ಗಾಳಿ ಊರಿನ ಹೊಗೆ ಹೊತ್ಕೊಂಡು ಕಡಲ ಮೇಲೆ ಹೋಗುತ್ತೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು? ಗಾಳಿ ಸುಸ್ತಾಗಿ ನಿಂತಲ್ಲೇ ಅದೂ ನಿಲ್ಲುತ್ತೆ. ಅಗೋ ಆ ಕಂದು ಗೆರೆ! ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತಲ್ಲ, ಆಗ ದಂಡೆಗೆ ಹತ್ತಿರ ಇರೋದೇ ಮೊದಲು ವಾಪಸ್ ಬರುತ್ತೆ. ಬಸ್ಸಲ್ಲಿ ಬಾಗಿಲ ಹತ್ರ ನಿಂತೋರೇ ಮೊದಲು ಇಳಿಯಲ್ವಾ, ಹಾಗೆ. ನಿಜವಾದ ಕಡಲ ಗಾಳಿ ಅದರ ಹಿಂದೆ ಬರುತ್ತೆ. ಒಂದು ಗಂಟೆ, ಒಂದೂವರೆ ಗಂಟೆ ಹಿಂದೆ."

ಇಪ್ಪತ್ತೆರಡು ವರ್ಷದಲ್ಲಿ ಕವರು ಬದಲು ಮಾಡಿಲ್ಲ ಎಂಬ ಅವಳ ಮಾತು ಉಳಿದಿತ್ತು. ಗಾಳಿಯಕ್ಕ ಹಿಗ್ಗಬೇಕಿತ್ತು. ಆದರೆ ಅವಳು ಮೊದಲ ಕಾಗದವನ್ನೇ ನೋಡುತ್ತಿದ್ದಳು. ಹನ್ನೊಂದರಿಂದ ಹನ್ನೆರಡು. ದಿನಾ ತಾನು ಫೋನು ಮಾಡುವ ಹೊತ್ತು. ದಿನಾ ಅವನು ಎದ್ದು ಚಿಲಕ ತೆಗೆಯುವ ಹೊತ್ತು. ಭಾನುವಾರ ಬಿಟ್ಟು.

"ಮೇಡಮ್, ಒಂದು ವರ್ಷದಿಂದ..." ಎಂದಳು.

ಮೇಡಮ್ ಕೂಡ ಆಗಲೇ ಅರ್ಥ ಮಾಡಿಕೊಂಡಿದ್ದರು. ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತರು. "ಓದಿದ ನಮಗೇ ಇವತ್ತು ಗೊತ್ತಾಯ್ತು ಅಕ್ಕ. ಹೇಳಿದ್ದೂ ನೀವೇ, ಗಂಟೆಗೊಂದು ಹಾಕಿ ಅಂತ."

ಗಾಳಿಯಕ್ಕ ಫೋನು ಒತ್ತಿದಳು. "ರೀ, ಕಿಟಕಿ ಮುಚ್ಚಿ."

"ಯಾಕೆ?"

ಮೇಡಮ್ ಮೂರನೆಯ ಕಾಗದ ತೋರಿಸಿ ಬೇಡ ಬೇಡ ಎಂದು ಕೈಯಾಡಿಸಿದರು.

"ಬೇಡ ಬೇಡ, ತೆಗೆದೇ ಇರಿ. ಈಗಿನದು ಒಳ್ಳೇದು."

"ಮುಚ್ಚಲಾ? ತೆಗೀಲಾ? ಬಿಸಿಲಿಗೆ ತಲೆ ಕೆಟ್ಟಿತಾ ನಿನಗೆ?"

"ಬಂದು ಹೇಳ್ತೀನಿ" ಎಂದು ಇಟ್ಟಳು.

ಸಂಜೆ ಚಪ್ಪಲಿ ಬಿಡುವುದಕ್ಕೂ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಹಾಸಿಗೆಯ ಅಂಚಿನಲ್ಲಿ ಕೂತು ಗಮನವಿಟ್ಟು ಕೇಳಿದ. ಕೇಳಿ ಮುಗಿಸಿ ಮುಖ ಊದಿಸಿಕೊಂಡ.

"ಅಂದ್ರೆ ಭಾನುವಾರ ಕಮ್ಮಿಯಾಗ್ತಿದ್ದದ್ದು ನಿನ್ನಿಂದ ಅಲ್ವಾ?"

"ಅಲ್ಲ ರೀ. ಕಿಟಕಿ ತಡವಾಗಿ ತೆಗೀತಿದ್ವಲ್ಲ, ಅದರಿಂದ."

"ಥೂ. ನಾನು ಸುಮ್ನೆ ಒಂದು ವರ್ಷ ನಿನ್ನ ಹೊಗಳಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು, ಅಳುವೇ ಗೆದ್ದಿತು. "ನಾನೇ ಕೈಯಾರೆ ಫೋನ್ ಮಾಡಿ ಆ ಮಸಿ ಕುಡಿಸಿದೆನಲ್ಲ. ದಿನಾ ಮೆಟ್ಟಿಲು ಹತ್ತಿ..."

"ಏ, ಅಳಬೇಡ್ವೇ." ಅವನು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ಕೆಮ್ಮಿದ, ಸುಧಾರಿಸಿಕೊಂಡ. "ನಿಮ್ಮ ಮೇಡಮ್ಮು ಹೇಳಿದ್ದು ಊರಿನ ಹೊಗೆ ಅಂತ ತಾನೆ? ಮೂವತ್ತು ವರ್ಷ ಆ ಹೊಗೆ ಹತ್ತಿಸಿದವನು ಯಾರು? ನಾನು. ಚಿಮಣಿಯಿಂದ ಆಚೆ ಹೋದ್ರೆ ಮುಗೀತು, ಕಡಲು ನುಂಗ್ಕೊಳುತ್ತೆ ಅಂದ್ಕೊಂಡಿದ್ದೆ. ಪಾಪ, ಅದು ಕಡಲಿಗೆ ಹೋಗಿ, ಸುತ್ತಾಡಿ, ಯಜಮಾನನ ಮನೆ ಯಾವುದು ಅಂತ ವಿಚಾರಿಸ್ಕೊಂಡು ಬಂದಿದೆ. ಬಂದವರಿಗೆ ನೀನು ಬಾಗಿಲು ತೆಗೆಸಿದೆ. ಅಷ್ಟೇ."

ಅವಳು ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು, ಮೆಲ್ಲಗೆ, ಕೆಮ್ಮು ಏಳದಷ್ಟು.

ಮರುದಿನದಿಂದ ಫೋನಿನ ಕ್ರಮ ಬದಲಾಯಿತು. ಕಚೇರಿಯಲ್ಲೂ ಕ್ರಮ ಬದಲಾಯಿತು: ಗಾಳಿ ತಿರುಗಿದ ಮೊದಲ ಒಂದೂವರೆ ಗಂಟೆಗೆ ಬೇರೆ ಕಾಗದ, ಬೇರೆ ಕವರು. "ಇದರ ಮೇಲೆ ಏನು ಬರೀತೀರಿ ಅಕ್ಕ?" ಎಂದರು ಮೇಡಮ್. ಗಾಳಿಯಕ್ಕ ಪೆನ್ನು ಹಿಡಿದು ಸ್ವಲ್ಪ ಯೋಚಿಸಿದಳು. 'ತಿರುಗಿ ಬಂತು' ಎಂದು ಬರೆದಳು. ದೊಡ್ಡ ಊರಿಗೆ ಕಳಿಸಿದ ವರದಿಯಲ್ಲಿ ಮೇಡಮ್ ಅದಕ್ಕೆ ಬೇರೇನೋ ಉದ್ದ ಹೆಸರು ಕೊಟ್ಟರು. ಕವರಿನ ಮೇಲೆ ಮಾತ್ರ ಈ ಹೆಸರೇ ನಿಂತಿತು.

ಎಂಟು ದಿನ ಎಂಟು ಯುಗವಾಯಿತು. ಮೊದಲೆರಡು ದಿನ ಏನೂ ವ್ಯತ್ಯಾಸವಿಲ್ಲ. ಮೂರನೆಯ ದಿನ ಅವನು ಮಧ್ಯಾಹ್ನ ಒಂದು ಗಂಟೆ ಕೆಮ್ಮದೆ ನಿದ್ದೆ ಮಾಡಿದ. ಸದ್ದಿಲ್ಲವಲ್ಲ ಎಂದು ಹೆದರಿ ಪಕ್ಕದ ಮನೆಯ ಅಜ್ಜಿ ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಅವನು ಎಚ್ಚರವಾಗಿ, ಇಬ್ಬರೂ ಬೆಚ್ಚಿಬಿದ್ದರು.

ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಗಾಳಿಯಕ್ಕ ತನ್ನ ಉಸಿರನ್ನು ಬಿಗಿಹಿಡಿದು ನಿಂತಿದ್ದಳು.

"ಪೂರ್ತಿ ವಾಸಿಯಾಗೋದಲ್ಲ ಇದು, ಸುಳ್ಳು ಹೇಳಲ್ಲ" ಎಂದರು ಡಾಕ್ಟರು. "ಆದ್ರೆ ಇಳಿದಿದೆ. ಏನು ಮಾಡಿದ್ರಿ?"

"ಏನಿಲ್ಲ ಡಾಕ್ಟ್ರೇ, ಕಿಟಕಿ ತೆಗೆಯೋದು ಒಂದೂವರೆ ಗಂಟೆ ತಡ ಮಾಡಿದ್ವಿ" ಎಂದ ಅವನು.

ಡಾಕ್ಟರು ಗಾಳಿಯಕ್ಕನಿಂದ ಎಲ್ಲವನ್ನೂ ಕೇಳಿಸಿಕೊಂಡರು. ತಮ್ಮ ಕೋಣೆಯ ಕಿಟಕಿಯನ್ನೊಮ್ಮೆ ನೋಡಿದರು. ಗಡಿಯಾರ ನೋಡಿದರು. ಹನ್ನೊಂದೂ ಕಾಲು. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಕೂತರು. "ಮೂರು ತಿಂಗಳು ಬಿಟ್ಟು ಬನ್ನಿ. ಊರು ಬಿಡೋ ಮಾತು ಸದ್ಯಕ್ಕೆ ಬೇಡ."

"ನನ್ನ ತಂಗಿಗೆ ಬೇಜಾರಾಗುತ್ತೆ" ಎಂದ ಅವನು, ಮುಖದ ತುಂಬ ನಗುತ್ತ.

ಮರುದಿನ ಗಾಳಿಯಕ್ಕ ತಾರಸಿಯಲ್ಲಿದ್ದಳು. ಬಾಣ ತಿರುಗಿತು.

"ತಿರುಗಿ ಬಂತು ರೀ."

"ಮುಚ್ಚಿದೀನಿ."

ಹಿಂದಿನಿಂದ ಅಜ್ಜಿಯ ದನಿ: "ಒಂದಿದ್ದದ್ದು ಎರಡು ಫೋನಾಯ್ತು! ಇನ್ನು ಇವರನ್ನ ಹಿಡಿಯೋರಿಲ್ಲ!"

ಹನ್ನೆರಡೂವರೆಗೆ ಅವಳು ಮತ್ತೆ ಹತ್ತಿದಳು. ದಿಗಂತದ ಕಂದು ಗೆರೆ ಇರಲಿಲ್ಲ. ಗಾಳಿ ತಣ್ಣಗೆ, ತುಸು ತೇವವಾಗಿ ಕೆನ್ನೆಗೆ ತಾಗಿತು. ನಾಲಿಗೆಯ ತುದಿಯಿಂದ ತುಟಿ ಮುಟ್ಟಿ ನೋಡಿಕೊಂಡಳು. ಬರೀ ಉಪ್ಪು.

"ಈಗ ಬಂತು ರೀ."

"ಬರಲಿ."

ಚಿಲಕ ತೆಗೆದ ಸದ್ದು ಕೇಳಿಸಿತು. ಎಂದೂ ಅಷ್ಟಕ್ಕೇ ಫೋನಿಡುವವಳು ಇವತ್ತು ಇಡಲಿಲ್ಲ. ತಾರಸಿಯಿಂದ ಮನೆಗೆ ಮೂರು ಬೀದಿ ದೂರ. ತನ್ನನ್ನು ದಾಟಿ ಹೋದ ಗಾಳಿ ಮನೆ ತಲುಪಲು ಅಷ್ಟಿಷ್ಟು ಹೊತ್ತು ಬೇಕಲ್ಲ.

"ಇನ್ನೂ ಇಲ್ಲ" ಎಂದ ಅವನು, ಅವಳ ಮನಸ್ಸಿನಲ್ಲಿದ್ದದ್ದು ಕೇಳಿಸಿತೋ ಎಂಬಂತೆ. "ಇನ್ನೂ ಇಲ್ಲ... ಇರು... ಹಾಂ. ಪರದೆ ಅಲ್ಲಾಡ್ತು."

ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಅವನು ಉಸಿರೆಳೆದುಕೊಂಡ, ಬಿಟ್ಟ, ಮತ್ತೆ ಎಳೆದುಕೊಂಡ. ಕೆಮ್ಮು ಬರಲಿಲ್ಲ.